ಜೋರಾಗಿ ಓಡಿಸಿದವರನ್ನು ನಿಮ್ಮೂರಲ್ಲಿ ಏನು ಮಾಡ್ತಾರೆ?

ಹಳೇಬೀಡಿನ ದೇವಸ್ಥಾನದಲ್ಲಿ ನಾನು ಗೈಡ್ ಆಗಿ ಬಹಳ ವರ್ಷಗಳಾದವು. ಪ್ರವಾಸಿಗರು ಏನು ಕೇಳುತ್ತಾರೆ ಅನ್ನುವುದು ನನಗೆ ಬಾಯಿಪಾಠ. ಕೆಳಗಿನ ಸಾಲಿನಲ್ಲಿ ಆನೆಗಳೇ ಯಾಕೆ, ಮೂರ್ತಿಗಳ ಕೈ ಮುರಿದವರು ಯಾರು, ಒಳ್ಳೆ ಊಟ ಎಲ್ಲಿ ಸಿಗುತ್ತದೆ. ಆದರೆ ಪ್ರವಾಸಿಗರನ್ನೇ ನಾನು ಕೇಳಬೇಕಾಗಿ ಬಂದ ಪ್ರಶ್ನೆ ಒಂದೇ. ಅದನ್ನು ನನ್ನ ಬಾಯಿಗೆ ಹಾಕಿದವರು ಒಬ್ಬ ಪೊಲೀಸ್ ಮೇಡಂ. ನಮ್ಮ ಕಡೆ ಎ.ಎಸ್.ಐ. ಆಗಿದ್ದರು, ಈಗ ನಿವೃತ್ತರು. ಬರೆಯುತ್ತೇನೆ ಅಂದಾಗ, "ಬರ್ಕೊಳ್ಳಿ, ಹೆಸರು ಮಾತ್ರ ಹಾಕ್ಬೇಡಿ" ಅಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಮೊದಲು ಕಂಡಿದ್ದು ಚಳಿಗಾಲದ ಒಂದು ಭಾನುವಾರ. ಶಾಲಾ ಮಕ್ಕಳ ಬಸ್ಸುಗಳು ದೇವಸ್ಥಾನದ ಮುಂದಿನ ರಸ್ತೆಯನ್ನೆಲ್ಲ ತುಂಬಿಕೊಂಡಿದ್ದವು. ಅವುಗಳ ನಡುವೆ ಗಟ್ಟಿಮುಟ್ಟಾದ, ಕುಳ್ಳಗಿನ ಒಬ್ಬ ಹೆಂಗಸು ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದರು. ಸೀಟಿ ಊದುತ್ತಿರಲಿಲ್ಲ, ಕೈಯನ್ನೂ ಮೇಲೆತ್ತುತ್ತಿರಲಿಲ್ಲ. ಸೊಂಟದ ಮಟ್ಟದಲ್ಲಿ ಅಂಗೈ ತೋರಿಸಿದರೆ ಸಾಕು, ಕರು ನಿಂತ ಹಾಗೆ ಬಸ್ಸು ನಿಲ್ಲುತ್ತಿತ್ತು. ತುರುಬಿನಲ್ಲಿ, ಟೋಪಿ ಹಾಕಿದರೆ ಕಾಣದ ಜಾಗದಲ್ಲಿ, ಒಂದು ಚೂರು ಕನಕಾಂಬರ.

ನನ್ನ ಜೊತೆ ಇಬ್ಬರು ವಿದೇಶಿಯರಿದ್ದರು, ಗಂಡ ಹೆಂಡತಿ. ಮೇಡಂ ನನ್ನನ್ನು ಕರೆದರು.

"ಗೈಡ್ ಸಾರ್, ಇವರು ಯಾವ ದೇಶದೋರು?"

"ಫಿನ್ಲೆಂಡ್ ಮೇಡಂ. ಮೇಲ್ಗಡೆ ಬರುತ್ತೆ, ಚಳಿ ದೇಶ."

"ಅಲ್ಲೂ ಕಾರ್ ಓಡಿಸ್ತಾರಲ್ಲ?"

"ಓಡಿಸದೆ ಏನು."

"ಹಂಗಾದ್ರೆ ನನ್ನದೊಂದು ಮಾತು ಕೇಳಿ. ಜೋರಾಗಿ ಓಡಿಸ್ದೋರನ್ನ ಅವರೂರಲ್ಲಿ ಏನು ಮಾಡ್ತಾರೆ?"

ನನಗೆ ಸಂಕೋಚವಾಯಿತು. ಆ ಇಬ್ಬರು ಆಗಷ್ಟೇ ನಾಟ್ಯದ ಶಿವನನ್ನು ನೋಡಿ ಮಾತು ಕಳೆದುಕೊಂಡಿದ್ದರು. ಆದರೂ ಕೇಳಿದೆ. ಗಂಡನ ಮುಖ ಅರಳಿತು. ಶಿವನ ಬಗ್ಗೆ ಆಡದಷ್ಟು ಮಾತನ್ನು ಅದರ ಬಗ್ಗೆ ಆಡಿದ. ಮಿತಿಯನ್ನು ತುಂಬಾ ಮೀರಿದರೆ ಅವರಲ್ಲಿ ಇಂತಿಷ್ಟೇ ಅಂತ ದಂಡ ಇಲ್ಲವಂತೆ. ಸಿಕ್ಕಿಬಿದ್ದವನ ಆದಾಯ ನೋಡಿ ಹಾಕುತ್ತಾರಂತೆ. ಒಂದೇ ರಸ್ತೆ, ಒಂದೇ ವೇಗ, ಆದರೆ ಕೂಲಿಯವನಿಗೆ ಒಂದು ದಂಡ, ಕಂಪನಿ ಯಜಮಾನನಿಗೆ ಕಾರು ಕೊಳ್ಳುವಷ್ಟು ದಂಡ.

ನಾನು ಕನ್ನಡದಲ್ಲಿ ಹೇಳಿದ್ದನ್ನು ಮೇಡಂ ಪೂರ್ತಿ ಕೇಳಿಸಿಕೊಂಡು ನಕ್ಕರು. "ಆ ಕಾನೂನು ಇಲ್ಲಿಗೆ ಬಂದ್ರೆ ಅರಸೀಕೆರೆ ಕೊಬ್ಬರಿ ಮಂಡೀಲಿ ಒಬ್ಬ ಶ್ರೀಮಂತನೂ ಸಿಗಾಕಿಲ್ಲ ಕಣ್ರೀ. ಎಲ್ಲಾರೂ ಬಿ.ಪಿ.ಎಲ್. ಕಾರ್ಡ್ ಹಿಡ್ಕೊಂಡೇ ಕಾರಲ್ಲಿ ಬತ್ತಾರೆ." ಆಮೇಲೆ ಆ ಗಂಡಸಿಗೆ ಕೈಮುಗಿದು, ಬಸ್ಸುಗಳ ಕಡೆ ತಿರುಗಿದರು.

ಅಲ್ಲಿಂದ ಇದು ವಾಡಿಕೆಯಾಯಿತು. ನಾನು ವಿದೇಶಿಯರ ಜೊತೆ ಕಾಣಿಸಿದರೆ ಸಾಕು, ಮೇಡಂ ಡ್ಯೂಟಿಯಲ್ಲಿದ್ದರೆ ಹತ್ತಿರ ಬಂದು ನಿಲ್ಲುವರು. ಒಬ್ಬ ಜರ್ಮನಿಯವನು ತಮ್ಮ ಕೆಲವು ಹೆದ್ದಾರಿಗಳಲ್ಲಿ ವೇಗದ ಮಿತಿಯೇ ಇಲ್ಲ ಅಂತ ಎದೆಯುಬ್ಬಿಸಿ ಹೇಳಿದ. ಮೇಡಂ ಮುಖ ಬಿಗಿಯಿತು. "ಶಾಲೆ ಮುಂದೆ?" ಅಂದರು. ಶಾಲೆಯ ಮುಂದೆ ಮೂವತ್ತು, ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ, ಮನೆಗೆ ಪತ್ರ ಬರುತ್ತದೆ ಅಂದ. "ಅದನ್ನ ಮೊದಲು ಹೇಳ್ಬಾರ್ದಾ ಮಾರಾಯ" ಅಂತ ಅವನ ಬೆನ್ನು ತಟ್ಟಿದರು. ಇಂಗ್ಲೆಂಡಿನ ಒಬ್ಬ ನಿವೃತ್ತ ಮೇಷ್ಟರಮ್ಮ ತಾನೇ ಒಮ್ಮೆ ಸಿಕ್ಕಿಬಿದ್ದಿದ್ದನ್ನು ಹೇಳಿಕೊಂಡರು. ದಂಡದ ಬದಲು ಅವರನ್ನು ಒಂದು ತರಗತಿಗೆ ಕಳಿಸಿದರಂತೆ. ಅಲ್ಲಿ ಅವರ ಹಾಗೆ ಸಿಕ್ಕಿಬಿದ್ದವರೇ ಸಾಲಾಗಿ ಕೂತಿದ್ದರಂತೆ. "ವಯಸ್ಸಾದೋರನ್ನೂ ಬೆಂಚ್ ಮೇಲೆ ಕೂರಿಸಿ ಪಾಠ ಹೇಳ್ತಾರಾ?" ಅಂತ ಮೇಡಂ ಎರಡು ಸಲ ಕೇಳಿದರು. ನಾಚಿಕೆಯಾಯಿತೇ ಅಂತ ಕೇಳಲು ಹೇಳಿದರು. ಆಕೆ ಯೋಚಿಸಿ, ನಾಚಿಕೆ ಆಗಲಿಲ್ಲ, ಆದರೆ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿ ಮೇಲೇಳುತ್ತದೆ ಅಂದರು.

ದೇಶಗಳ ಹೆಸರು ಮೇಡಂ ನಾಲಿಗೆಗೆ ಹತ್ತುತ್ತಿರಲಿಲ್ಲ. ಮಿತಿಯನ್ನು ವಿಪರೀತ ಮೀರಿದವನ ಕಾರನ್ನೇ ಜಪ್ತಿ ಮಾಡುವ ಸ್ವಿಟ್ಜರ್ಲೆಂಡನ್ನು "ಕಾರು ಕಿತ್ಕೊಳೋ ದೇಶ" ಅನ್ನುವರು, ಫಿನ್ಲೆಂಡನ್ನು "ಸಂಬಳ ಕೇಳೋ ದೇಶ". ಅರಸೀಕೆರೆಯವನೇ ಒಬ್ಬ ದುಬೈಯಲ್ಲಿ ಲಾರಿ ಓಡಿಸಿ ವಾಪಸು ಬಂದಿದ್ದ. ಅವನನ್ನೂ ಬಿಡಲಿಲ್ಲ. "ಅಲ್ಲಿ ಪೊಲೀಸರ ಮುಖಾನೇ ನೋಡಿಲ್ಲ ಮೇಡಂ. ಕ್ಯಾಮೆರಾ ನೋಡ್ತದೆ, ಮೊಬೈಲಿಗೆ ಬತ್ತದೆ, ಕಟ್ಟೋದು. ಯಾರ ಕೈಲಿ ಫೋನ್ ಮಾಡಿಸಿದ್ರೂ ನಡೆಯಾಕಿಲ್ಲ" ಅಂದ. ಮೇಡಂಗೆ ಅದು ಬಹಳ ಹಿಡಿಸಿತು. "ಕ್ಯಾಮೆರಾಗೆ ಭಾವಮೈದ ಇರಾಕಿಲ್ಲ ನೋಡಿ" ಅಂತ ಆ ವಾರವೆಲ್ಲ ಸಿಕ್ಕವರಿಗೆಲ್ಲ ಹೇಳಿದರು.

ಅವರದು ಬಾಣಾವರದ ಹತ್ತಿರದ ಒಂದು ಹಳ್ಳಿ. ರಾಗಿ ಹೊಲ, ಒಂದಿಷ್ಟು ತೆಂಗು. ಗಂಡ ತೋಟ ನೋಡಿಕೊಂಡಿದ್ದವರು. ಇಲಾಖೆಯಲ್ಲಿ ಇಷ್ಟು ವರ್ಷ ಇದ್ದೂ ಅವರ ಮಾತಿಗೆ ಇಲಾಖೆಯ ಗಡಸು ಬಂದಿರಲಿಲ್ಲ. ಗಾಡಿ ನಿಲ್ಲಿಸಿದರೆ ಲೈಸೆನ್ಸ್ ಕೇಳುವ ಮೊದಲು, "ಏನಪ್ಪಾ, ಮನೇಲಿ ಯಾರ್ ಯಾರವ್ರೆ?" ಅನ್ನುವರು. ಹೆಂಡತಿ, ಒಂದು ಮಗು, ಅಮ್ಮ, ಅಂತ ಅವನು ಹೇಳುವವರೆಗೂ ಕಾಯುವರು. ಆಮೇಲೆ ಲೈಸೆನ್ಸ್. ಅದು ಅವರ ಸ್ನೇಹದ ರೀತಿ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಬಸ್ತಿಹಳ್ಳಿಯ ಬಸದಿಯಲ್ಲಿ ಒಬ್ಬ ಹುಡುಗಿಗೆ ಕಂಬಗಳನ್ನು ತೋರಿಸುತ್ತಿದ್ದೆ. ಎಸ್ಟೋನಿಯಾ ಅನ್ನುವ ಸಣ್ಣ ದೇಶದವಳು, ಶಿಲ್ಪಕಲೆ ಓದುತ್ತಿದ್ದಳು. ಮೇಡಂ ಯಾವುದೋ ವಿಚಾರಣೆಗೆ ಆ ಕಡೆ ಬಂದವರು ಒಳಗೆ ಬಂದು, ಕೈಮುಗಿದು, ನನ್ನ ಪಕ್ಕ ನಿಂತರು. ನಾನೇ ಕೇಳಿಬಿಟ್ಟೆ. ಆ ಹುಡುಗಿ ಹೇಳಿದ್ದು ಇದು. ಅವಳ ದೇಶದ ಪೊಲೀಸರು ಒಂದು ರಸ್ತೆಯಲ್ಲಿ ಒಂದು ಪ್ರಯೋಗ ಮಾಡಿದ್ದರಂತೆ. ಜೋರಾಗಿ ಬಂದವನಿಗೆ ಎರಡು ದಾರಿ. ದಂಡ ಕಟ್ಟಬಹುದು, ಇಲ್ಲವೇ ರಸ್ತೆ ಬದಿಯಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಸುಮ್ಮನೆ ನಿಂತು ಹೋಗಬಹುದು. ಯಾವ ಅವಸರಕ್ಕೆ ಜೋರಾಗಿ ಬಂದನೋ ಆ ಅವಸರವನ್ನೇ ದಂಡವಾಗಿ ಕೊಡುವುದು.

ಮೇಡಂ ಅದನ್ನು ಮತ್ತೆ ಹೇಳಿಸಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಅಂದರು: "ದುಡ್ಡು ಇರೋನಿಗೆ ದಂಡ ಅಂದ್ರೆ ಟೋಲ್ ಇದ್ದಂಗೆ ಕಣ್ರೀ, ಕಟ್ಟಿ ಮತ್ತೆ ಜೋರಾಗಿ ಹೋಗ್ತಾನೆ. ಹೊತ್ತು ಮಾತ್ರ ಎಲ್ಲಾರಿಗೂ ಅಷ್ಟೇ ಐತೆ."

ಹಳೇಬೀಡು ಬಿಟ್ಟು ಜಾವಗಲ್ ಕಡೆ ಹೋಗುವಾಗ ಒಂದು ತಿರುವು, ಅದನ್ನು ದಾಟಿದ ಕೂಡಲೇ ಒಂದು ಸಣ್ಣ ಶಾಲೆ. ತಿರುವಿನಲ್ಲಿ ಒಂದು ಹೊಂಗೆಮರ. ಅಲ್ಲಿ ಅಪಘಾತಗಳಾಗುತ್ತಲೇ ಇದ್ದವು. ಜಿಲ್ಲೆಯಿಂದ ವೇಗ ಅಳೆಯುವ ಜೀಪು ಬಂದ ದಿನ ಮೇಡಂ ಆ ಮರದ ಕೆಳಗೆ ಚಹಾ ಅಂಗಡಿಯ ಒಂದು ಬೆಂಚು ಹಾಕಿಸಿದರು. ಸಿಕ್ಕವರಿಗೆ ಅದೇ ಎರಡು ದಾರಿ. ಸಾವಿರ ರೂಪಾಯಿ ಕಟ್ಟಿ ರಸೀದಿ ತಗೋ, ಇಲ್ಲ ಅರ್ಧ ಗಂಟೆ ಕೂತು ಹೋಗು.

ದೊಡ್ಡ ಕಾರಿನವರು ಬೆಂಚನ್ನು ನೋಡಿಯೇ ಹೆದರಿ ದುಡ್ಡು ಕಟ್ಟಿ ಹೋದರು. ಒಬ್ಬ ಕೊಬ್ಬರಿ ವ್ಯಾಪಾರಿ ಮಾತ್ರ, ಸಾವಿರ ಉಳಿಯುತ್ತದಲ್ಲ ಅಂತ, ಕೂತ. ಐದು ನಿಮಿಷಕ್ಕೆ ಎದ್ದ, ಮತ್ತೆ ಕೂತ. ಫೋನಿನಲ್ಲಿ ಯಾರನ್ನೋ ಬೈದ. ಕೊನೆಗೆ, "ಮೇಡಂ, ದುಡ್ಡು ತಗೊಂಡು ಬಿಟ್ಬಿಡಿ, ಈ ಹಿಂಸೆ ಬೇಡ" ಅಂದ. "ಆರಿಸ್ಕೊಂಡಾಯ್ತಲ್ಲ ಯಜಮಾನ್ರೇ, ಕೂತ್ಕೊಳ್ಳಿ. ಶಾಲೆ ಬಿಡೋ ಹೊತ್ತು, ಮಕ್ಕಳು ಹೆಂಗೆ ದಾಟ್ತವೆ ನೋಡಿ" ಅಂದರು. ಆತ ನೋಡುತ್ತಾ ಕೂತ. ಹೊರಡುವಾಗ ಚಹಾ ಅಂಗಡಿಯಲ್ಲಿದ್ದ ಬನ್ನನ್ನೆಲ್ಲ ಕೊಂಡು ಮಕ್ಕಳಿಗೆ ಹಂಚಿ ಹೋದನಂತೆ. ನಾನು ಅಲ್ಲಿರಲಿಲ್ಲ, ಚಹಾ ಅಂಗಡಿಯವನು ಹೇಳಿದ್ದು.

ನಾನಿದ್ದದ್ದು ಇನ್ನೊಂದು ದಿನ. ಫ್ರಾನ್ಸಿನ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಬೇಲೂರು, ಹಳೇಬೀಡು ಎರಡನ್ನೂ ತೋರಿಸಿ ಅರಸೀಕೆರೆಯಲ್ಲಿ ಸಂಜೆಯ ರೈಲು ಹತ್ತಿಸಬೇಕಿತ್ತು. ಹೊರಡುವಾಗಲೇ ತಡವಾಗಿತ್ತು. ಬೇಲೂರಿನ ಟ್ಯಾಕ್ಸಿ ಡ್ರೈವರ್ ಚೆನ್ನಾಗಿಯೇ ಒತ್ತಿದ. ತಿರುವು ದಾಟುತ್ತಿದ್ದಂತೆ ಸೊಂಟದ ಮಟ್ಟದಲ್ಲಿ ಆ ಅಂಗೈ ಕಾಣಿಸಿತು.

ನಾನು ಇಳಿದು ಹೋಗಿ, "ಮೇಡಂ, ರೈಲಿದೆ, ಇವತ್ತು ಬಿಡಿ" ಅಂದೆ.

"ನಿಮ್ಮನ್ನ ಬಿಟ್ರೆ ನಾಳೆ ಯಾರನ್ನ ಹಿಡೀಲಿ?"

"ಹಾಗಾದ್ರೆ ದಂಡ ನಾನೇ ಕಟ್ತೀನಿ."

"ಓಡಿಸಿದ್ದು ನೀವಲ್ಲ. ಆರಿಸೋನು ಅವನು."

ಡ್ರೈವರ್ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಬೆಂಚು ನೋಡಿದ. ಸಾವಿರ ಅಂದರೆ ಅವನ ಒಂದು ದಿನದ ದುಡಿಮೆ. ಹೋಗಿ ಬೆಂಚಿನ ಮೇಲೆ ಕೂತ. ನನಗೆ ಮೈಯೆಲ್ಲ ಉರಿಯಿತು. ಅಕ್ಕತಂಗಿಯರು ಕಾರಿನಿಂದ ಇಳಿದು, ಏನು ನಡೆಯುತ್ತಿದೆ ಅಂತ ಕೇಳಿದರು. ಹೇಳಿದೆ. ಅಕ್ಕ, ಎಂಬತ್ತರ ಹತ್ತಿರದವಳು, ಸಿಟ್ಟಾಗಲಿಲ್ಲ. ಮೇಡಂ ಪಕ್ಕ ಹೋಗಿ ನಿಂತು, ಯಾಕೆ ಹೀಗೆ ಮಾಡುತ್ತೀರಿ ಅಂತ ಕೇಳಿದಳು. ಆ ದಿನದ ತನಕ ಪ್ರಶ್ನೆ ಕೇಳುತ್ತಿದ್ದವರು ಮೇಡಂ. ಯಾರೂ ಅವರನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೇಡಂ ರಸ್ತೆ ನೋಡುತ್ತಲೇ ಹೇಳಿದರು. ನಾನು ತುಂಡು ತುಂಡಾಗಿ ಇಂಗ್ಲಿಷಿಗೆ ಹೇಳುತ್ತಾ ಹೋದೆ.

"ಆಕ್ಸಿಡೆಂಟ್ ಆದ್ರೆ ಹೆಣ ಎತ್ತೋಕೆ ಗಂಡಸರು ಹೋಗ್ತಾರೆ. ಮನೆಗೆ ಸುದ್ದಿ ಹೇಳೋಕೆ ನನ್ನ ಕಳಿಸ್ತಾರೆ. ಹೆಂಗಸು ಹೇಳಿದ್ರೆ ಒಳ್ಳೇದು ಅಂತ. ಒಂದ್ಸಲ ಜಾವಗಲ್ ಆಚೆ ಒಂದು ಮನೆಗೆ ಹೋದೆ. ಅವಳು ಮೊರದಲ್ಲಿ ರಾಗಿ ಕೇರ್ತಾ ಇದ್ಲು. ನನ್ನ ನೋಡಿ, ಬನ್ನಿ ಮೇಡಂ ಅಂತ ಚಾಪೆ ಹಾಕಿದ್ಲು. ಪಕ್ಕದ ಮನೆಯೋರ ಮೇಲೆ ಬದು ಒತ್ತಿದಾರೆ ಅಂತ ಕಂಪ್ಲೇಂಟ್ ಕೊಟ್ಟಿದ್ಲಂತೆ, ಅದಕ್ಕೇ ಬಂದಿದೀನಿ ಅನ್ಕೊಂಡ್ಲು. ಬದುವಿನ ಕತೆ ಎಲ್ಲಾ ಹೇಳಿದ್ಲು. ಕಾಫಿ ಕೊಟ್ಲು. ನಾನು ಕುಡಿದೆ. ಖಾಲಿಯಾದ್ಮೇಲೂ ಲೋಟ ಕೆಳಗಿಡಲಿಲ್ಲ. ಇಟ್ರೆ ಹೇಳ್ಬೇಕಲ್ಲ. ಲೋಟ ನನ್ನ ಕೈಲಿರೋಗಂಟ ಅವಳ ಪಾಲಿಗೆ ಅವಳ ಗಂಡ ಬದುಕಿದ್ದ."

ಬರುತ್ತಿದ್ದ ಒಂದು ಲಾರಿಗೆ ಅಂಗೈ ತೋರಿಸಿ ನಿಧಾನ ಮಾಡಿಸಿ ಮುಂದುವರಿಸಿದರು. "ಗುದ್ದಿದೋನನ್ನ ಆಮೇಲೆ ಕೇಳ್ದೆ, ಯಾಕಪ್ಪಾ ಅಷ್ಟು ಜೋರಾಗಿ ಬಂದೆ ಅಂತ. ಏನೂ ಇಲ್ಲ ಮೇಡಂ, ರೋಡ್ ಖಾಲಿ ಇತ್ತು ಅಂದ. ಅವನಿಗೆ ಅವಸರಾನೂ ಇರ್ಲಿಲ್ಲ. ಅದಕ್ಕೇ ಬಂದೋರನ್ನೆಲ್ಲ ಕೇಳ್ತೀನಿ. ಯಾವ ದೇಶದಲ್ಲಾದ್ರೂ ಇದಕ್ಕೊಂದು ಔಷಧಿ ಸಿಕ್ಕೈತೇನೋ ಅಂತ."

ಆ ಮುದುಕಿ, ತಮ್ಮ ದೇಶದ ಹಳ್ಳಿಗಳಲ್ಲಿ ಇಂಥ ಸುದ್ದಿ ಹೇಳಲು ಎಷ್ಟೋ ಸಲ ಊರಿನ ಮೇಯರೇ ಮನೆಗೆ ಹೋಗುತ್ತಾನೆ ಅಂದಳು.

"ಮೇಯರ್ ಅಂದ್ರೆ ವೋಟ್ ತಗೊಂಡೋನು ತಾನೆ?" ಅಂದರು ಮೇಡಂ. ಹೌದು ಅಂದೆ. "ಅದು ಸರಿಯಾಗೈತೆ. ವೋಟ್ ಕೇಳೋಕೆ ಬಾಗಿಲಿಗೆ ಬಂದೋನೇ ಇದನ್ನೂ ಬಂದು ಹೇಳ್ಬೇಕು."

ಬೆಂಚಿನ ಮೇಲೆ ಕೂತಿದ್ದ ಡ್ರೈವರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅರ್ಧ ಗಂಟೆ ಆಯಿತು ಹೋಗಪ್ಪಾ ಅಂತ ಮೇಡಂ ಅಂದಾಗ ತಕ್ಷಣ ಏಳಲಿಲ್ಲ. ಅರಸೀಕೆರೆ ತನಕ ಅವನು ನಲವತ್ತು ದಾಟಲಿಲ್ಲ. ರೈಲು ಹೋಗಿತ್ತು. ಅಕ್ಕತಂಗಿಯರನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆ. ಮನೇಲಿ ಯಾರ್ ಯಾರವ್ರೆ ಅಂತ ಮೇಡಂ ಯಾಕೆ ಕೇಳುತ್ತಿದ್ದರು ಅನ್ನುವುದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹೊಳೆಯಿತು. ನಾಳೆ ಸುದ್ದಿ ಹೇಳಲು ಯಾರ ಬಾಗಿಲಿಗೆ ಹೋಗಬೇಕಾಗುತ್ತದೆ ಅಂತ ಗಾಡಿಯವನ ಬಾಯಲ್ಲೇ ಒಮ್ಮೆ ಹೇಳಿಸುತ್ತಿದ್ದರು.

ಬೆಂಚು ಬಹಳ ದಿನ ಉಳಿಯಲಿಲ್ಲ. ಕೂರಬೇಕಾಗಿ ಬಂದ ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿ, ಪೊಲೀಸರು ಜನರನ್ನು ಕಾನೂನಿಲ್ಲದೆ ಹಿಡಿದಿಟ್ಟುಕೊಳ್ಳುತ್ತಿದ್ದಾರೆ ಅಂತ ಎಲ್ಲ ಗ್ರೂಪುಗಳಿಗೂ ಹಾಕಿದ. ಲಂಚ ಕುದುರಿಸಿಕೊಳ್ಳಲು ಕೂರಿಸುತ್ತಾರೆ ಅಂತಲೂ ಯಾರೋ ಸೇರಿಸಿದರು. ಮೇಲಿನ ಅಧಿಕಾರಿಗಳು ಕರೆಸಿ, ಇದು ಯಾವ ಸೆಕ್ಷನ್‌ನಲ್ಲಿದೆ ಅಂತ ಕೇಳಿದರು. ಬೆಂಚು ಚಹಾ ಅಂಗಡಿಗೆ ವಾಪಸು ಹೋಯಿತು.

ಸಮಾಧಾನ ಹೇಳೋಣ ಅಂತ ಹೋದೆ. ಅಧಿಕಾರಿಗಳನ್ನು ಒಂದೆರಡು ಮಾತು ಬೈದೆ ಕೂಡ. ಮೇಡಂ ತಡೆದರು. "ಅವರು ಕೇಳಿದ್ದು ಸರೀನೇ ಕಣ್ರೀ. ಆ ಹುಡುಗಿ ದೇಶದಲ್ಲಿ ಅದನ್ನ ಮಾಡಿದ್ದು ಇಲಾಖೆ. ಇಲ್ಲಿ ಮಾಡಿದ್ದು ನಾನು. ಇವತ್ತು ನಾನು ಒಳ್ಳೇದಕ್ಕೆ ಕೂರಿಸ್ದೆ. ನಾಳೆ ಇನ್ನೊಬ್ಬ ಬಂದು ಅದೇ ಬೆಂಚ್ ಮೇಲೆ ಯಾರನ್ನ ಯಾಕೆ ಕೂರಿಸ್ತಾನೋ." ಆದರೆ ಲಂಚದ ಮಾತು ಅವರಿಗೆ ನಾಟಿತ್ತು. ಕಣ್ಣಿನಲ್ಲಿ ನೀರು ಬರಲಿಲ್ಲ, ಟೋಪಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದರು.

ಹಾಲೆಂಡಿನ ಒಬ್ಬ ಇಂಜಿನಿಯರ್ ಬಂದಿದ್ದು ಅದೇ ಬೇಸಿಗೆಯಲ್ಲಿ. ಇನ್ನು ಮೇಡಂ ಕೇಳಲಾರರು ಅಂದುಕೊಂಡಿದ್ದೆ. ಕೇಳಿದರು. ಅವನು ದಂಡದ ವಿಷಯವನ್ನೇ ಎತ್ತಲಿಲ್ಲ. ನಮ್ಮಲ್ಲಿ ರಸ್ತೆಯನ್ನೇ ಹಾಗೆ ಮಾಡುತ್ತೇವೆ ಅಂದ. ಊರು ಬಂದ ಕೂಡಲೇ ರಸ್ತೆ ಕಿರಿದಾಗುತ್ತದೆ, ಸೊಟ್ಟಗಾಗುತ್ತದೆ, ಕೆಳಗೆ ಇಟ್ಟಿಗೆ ಹಾಸು ಬರುತ್ತದೆ, ಜೋರಾಗಿ ಹೋಗಲು ಮನಸ್ಸೇ ಬರುವುದಿಲ್ಲ, ಅಲ್ಲಿ ಪೊಲೀಸರು ನಿಲ್ಲಬೇಕಾಗಿಲ್ಲ. ಮೇಡಂ ಅವನ ಮುಖವನ್ನೇ ನೋಡುತ್ತಾ ನಿಂತರು. "ನಾನಿಲ್ದೇ ಇದ್ರೂ ನಡೆಯೋದು" ಅಂತ ತಮಗೆ ತಾವೇ ಹೇಳಿಕೊಂಡರು.

ಅಲ್ಲಿಂದ ಒಂದು ವರ್ಷಕ್ಕೂ ಮೇಲೆ ಅವರು ಪಂಚಾಯಿತಿ, ಲೋಕೋಪಯೋಗಿ ಕಚೇರಿ, ಶಾಸಕರ ಆಪ್ತರ ಮನೆ ಅಂತ ಸುತ್ತಿದರು. ರಜೆ ಹಾಕಿ, ಸೀರೆ ಉಟ್ಟು ಹೋಗುವರು. ಯೂನಿಫಾರ್ಮಿನಲ್ಲಿ ಹೋದರೆ ಕೆಲಸ ಬೇಗ ಆಗುತ್ತಲ್ಲ ಅಂದರೆ, "ಬೇಗ ಹೂಂ ಅಂತಾರೆ, ಅಷ್ಟೇ ಬೇಗ ಮರೀತಾರೆ" ಅನ್ನುವರು. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು, ಹಾಲೆಂಡಿನ ರಸ್ತೆ ಇಲ್ಲಿಗೆ ಯಾಕಮ್ಮಾ ಅಂತ ನಕ್ಕರಂತೆ. "ಹಾಲೆಂಡಿನ ಮಕ್ಕಳು ಅಲ್ವಲ್ಲ ಸ್ವಾಮಿ ದಾಟೋದು, ನಮ್ಮವೇ" ಅಂದು ಅಲ್ಲೇ ಕೂತರಂತೆ.

ಕೊನೆಗೆ ತಿರುವಿನ ಎರಡೂ ಕಡೆ ರಸ್ತೆಗೆ ಅಗಲವಾದ ಉಬ್ಬುಗಳು ಬಂದವು. ಶಾಲೆಯ ಮುಂದೆ ಅಂಚಿನ ಕಲ್ಲು ನೆಟ್ಟು ದಾರಿಯನ್ನು ಕಿರಿದು ಮಾಡಿದರು, ಬಿಳಿ ಪಟ್ಟೆ ಬಳಿದರು. ಇಟ್ಟಿಗೆ ಹಾಸು ಬರಲಿಲ್ಲ. ಉಬ್ಬಿಗೆ ಬಡಿದ ಕಾರಿನವರು ಇವತ್ತಿಗೂ ಅದನ್ನು ಹಾಕಿಸಿದವರಿಗೆ ಶಾಪ ಹಾಕುತ್ತಾರೆ. ಅಲ್ಲಿ ಆಮೇಲೆ ಒಂದೆರಡು ಬೈಕುಗಳು ಜಾರಿದ್ದುಂಟು. ಸಾವಿನ ಸುದ್ದಿ ಹೊತ್ತು ಯಾರೂ ಯಾರ ಮನೆಗೂ ಹೋಗಿ ನಿಲ್ಲುವಂಥದ್ದು ಆಗಲಿಲ್ಲ. ಅಷ್ಟರಲ್ಲಿ ಮೇಡಂ ಅವರನ್ನು ಅರಸೀಕೆರೆಗೆ ಹಾಕಿದ್ದರು. ಉಬ್ಬುಗಳನ್ನು ನೋಡಲು ಒಂದು ಸಲ ಬಸ್ಸಿನಲ್ಲಿ ಬಂದರು. ಬಸ್ಸು ಅದರ ಮೇಲೆ ಹತ್ತಿ ಇಳಿದಾಗ ಪಕ್ಕದಲ್ಲಿ ಕೂತವನು ಬೈದನಂತೆ. "ನಾನೂ ಅವನ ಜೊತೆ ಸೇರಿ ಬೈದೆ ಕಣ್ರೀ, ಏನು ಅಂತ ಹೇಳ್ಲಿ" ಅಂತ ನಗುತ್ತಾ ಹೇಳಿದರು.

ನಿವೃತ್ತಿಯ ಸಮಾರಂಭ ಅರಸೀಕೆರೆಯಲ್ಲೇ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಎಲ್ಲರೂ ಅವರ ಪ್ರಾಮಾಣಿಕತೆಯನ್ನು ಹೊಗಳಿದರು.

ಹೋದ ತಿಂಗಳು ಬಾಣಾವರದ ಕಡೆ ಕೆಲಸವಿತ್ತು. ಸ್ಕೂಟರಿನಲ್ಲಿ ಅವರ ಮನೆಗೂ ಹೋದೆ. ಅಂಗಳದಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದರು. ಕೂತು ಮಾತಾಡುತ್ತಿದ್ದಾಗ ಅವರಿಗೆ ಫೋನು ಬಂತು. ಅವರ ಹಳೆಯ ಠಾಣೆಯ ಒಬ್ಬ ಹೆಂಗಸು ಪೇದೆ. ಹೆದ್ದಾರಿಯಲ್ಲಿ ಒಬ್ಬ ಹೋಗಿಬಿಟ್ಟಿದ್ದ, ಅವನ ಮನೆ ಮೇಡಂ ಊರಿನ ಪಕ್ಕದ ಹಳ್ಳಿಯಲ್ಲಿ. ಸುದ್ದಿ ಹೇಳಲು ಅವಳನ್ನು ಕಳಿಸಿದ್ದರು. ಅವಳು ಆ ಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡುತ್ತಿದ್ದಳು. ಮನೆ ಕಾಣಿಸುತ್ತಿದೆ, ಕಾಲು ಬರುತ್ತಿಲ್ಲ ಅಂದಳಂತೆ.

"ನಿಂತ್ಕೊಂಡು ಹೇಳ್ಬೇಡ" ಅಂದರು ಮೇಡಂ ಫೋನಿನಲ್ಲಿ. "ಕೂತು ಹೇಳು. ಹೇಳಿದ್ಮೇಲೆ ತಕ್ಷಣ ಎದ್ದು ಬರಬೇಡ." ಆ ಕಡೆಯಿಂದ ಏನು ಕೇಳಿಸಿತೋ, ಕೂತಲ್ಲಿಂದ ಎದ್ದರು. "ಅಲ್ಲೇ ಇರು ತಾಯಿ. ನಾನೇ ಬತ್ತೀನಿ" ಅಂದು ಫೋನ್ ಇಟ್ಟರು.

ಕೈ ತೊಳೆದುಕೊಂಡು ಬಂದು ನನ್ನ ಸ್ಕೂಟರಿನ ಹಿಂದೆ ಕೂತರು. ಆ ಪೇದೆ ಒಬ್ಬಳೇ ನಿಂತಿದ್ದಾಳೆ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಖಾಲಿ ರಸ್ತೆ. ಕೈ ತಾನಾಗಿ ಆಕ್ಸಿಲರೇಟರ್ ತಿರುಚಿತು. ಒಂದು ಫರ್ಲಾಂಗ್ ಹೋಗಿರಬೇಕು, ಹೆಗಲ ಮೇಲೆ ಅವರ ಕೈ ಬಿತ್ತು.

"ನಿಧಾನಕ್ಕೆ ಹೋಗಿ ಸಾರ್" ಅಂದರು. "ಮಧ್ಯಾಹ್ನದ ಹೊತ್ತು. ಆ ಮನೆಯೋರು ಊಟ ಮಾಡ್ತಾ ಇರ್ತಾರೆ. ಮಾಡಿ ಮುಗಿಸ್ಲಿ."